ಬೆಟ್ಟಮ್ಮನ ಕೈಗಳು

ಮದ್ದೂರು
೧೪ ನವೆಂಬರ್ ೧೯೪೬

ಚಿರಂಜೀವಿ ಕೆಂಪಸಿದ್ದಯ್ಯನಿಗೆ,

ನಿನ್ನ ಮೇಷ್ಟ್ರು ಮನಸಾರೆ ಹರಸಿ ಬರೆಯುವುದು. ನಾವೆಲ್ಲ ಆರೋಗ್ಯವಾಗಿದ್ದೇವೆ, ಮದರಾಸಿನ ಹವೆ ನಿನಗೆ ಒಗ್ಗಿದೆಯೆಂದು ನಂಬಿದ್ದೇನೆ. "ನಾನು ಕಥೆ ಬರೆದ ಚಿತ್ರ ಮಂಡ್ಯಕ್ಕೆ ಬಂದಿದೆ, ತಪ್ಪದೆ ನೋಡಿ" ಎಂಬ ನಿನ್ನ ಕಾಗದ ತಲುಪಿ ಮೂರು ತಿಂಗಳಾಯಿತು. ಉತ್ತರ ತಡವಾದುದಕ್ಕೆ ಕ್ಷಮಿಸು. ಮೂರು ಸಲ ಬರೆದು ಹರಿದೆ.

ಚಿತ್ರ ನೋಡಿದೆ. ಮಂಡ್ಯದ ಸಿನಿಮಾ ಡೇರೆಯೊಳಗೆ ನೆಲದ ಮೇಲೆ ಕುಳಿತು, ಪರದೆಯಲ್ಲಿ ನಿನ್ನ ಹೆಸರು ಮೂಡಿದಾಗ ಪಕ್ಕದ ಅಪರಿಚಿತರಿಗೂ "ನನ್ನ ಹುಡುಗ" ಎಂದು ಹೇಳಿಕೊಂಡೆ. ಆತಗೂರಿನ ಶಾಲೆಯಲ್ಲಿ ನೀನು ಕಥೆ ಹೇಳಲು ನಿಂತರೆ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿದ್ದುದು ನೆನಪಾಯಿತು. ಆಮೇಲೆ ಅಲ್ಲಿನ ಸೂಲಗಿತ್ತಿ ಬೆಟ್ಟಮ್ಮನ ಮನೆ ಕಂಡಿತು. ಹಚ್ಚೆ ಹಾಕಿದ ಅವಳ ಕೈಗಳು ಬಾಗಿಲಿಗೆ ಬೇವಿನ ಸೊಪ್ಪನ್ನೂ ಹಳೆಯ ಚಪ್ಪಲಿಯನ್ನೂ ಕಟ್ಟಿದವು. ಮರುಗಳಿಗೆಗೆ, ಆ ಕೈಗಳು ದೆವ್ವದವೇ ಎಂಬಂತೆ, ಅವುಗಳ ಮೇಲೆ ದೆವ್ವದ ಮುಖ ಕಾಣಿಸಿತು. ಒಳಗಿನ ಹಸುಗೂಸು ಸತ್ತಿತು. ಡೇರೆಯಲ್ಲಿದ್ದ ಹೆಂಗಸರು ಚೀರಿದರು.

ಬಾಣಂತಿಗೂ ಕೂಸಿಗೂ ದೃಷ್ಟಿ ತಾಗದಿರಲೆಂದು ಅವಳು ಅದನ್ನು ಕಟ್ಟುತ್ತಾಳೆಂಬುದು ನಿನಗೆ ತಿಳಿಯದ್ದೇ? ನೀನು ಕ್ಯಾಮೆರಾ ತಂದ ದಿನ ಅವಳು ಒಲ್ಲೆನೆಂದಳು. "ನಮ್ಮ ಪದ್ಧತಿಯನ್ನು ಪಟ್ಟಣದವರಿಗೆ ತೋರಿಸುತ್ತಾನಂತೆ, ಅವನ ಮಾತಿಗೆ ನಾನು ಹೊಣೆ" ಎಂದು ಒಪ್ಪಿಸಿದವನು ನಾನು. ನನಗೆ ನೀನು ಹೇಳಿದ್ದುದೂ ಅದನ್ನೇ.

ಕಳೆದ ಭಾನುವಾರ, ಚಿತ್ರ ತೆಗೆದ ಜಾಗಗಳನ್ನು ಕಣ್ಣಾರೆ ನೋಡಲು ಹೊರಟೆ. ಸ್ಟೇಷನ್ನಿನ ಮುಂದೆ ಜಟಕಾದ ನಯಾಜ್ ಪಾಷಾ ಕೂಗುತ್ತಿದ್ದ: "ದೆವ್ವದ ಮನೆ! ಇನ್ನೊಬ್ರು ಬನ್ನಿ, ದೆವ್ವದ ಮನೆ!" ನನ್ನನ್ನು ಕಂಡು ನಕ್ಕ. "ಏನ್ ಮೇಷ್ಟ್ರೇ, ನಿಮ್ಗೂ ದೆವ್ವದ ಹುಚ್ಚು ಹತ್ಕೊಂತಾ?"

ಗಾಡಿಯಲ್ಲಿ ಮಳವಳ್ಳಿಯ ನವದಂಪತಿಗಳು, ಮಂಡ್ಯದ ಇಬ್ಬರು ಗುಮಾಸ್ತರು. ನಿನ್ನ ದೆವ್ವ ನಿಂತ ಹುಣಿಸೆಮರವನ್ನು ಮೊದಲು ಸುತ್ತಿದೆವು. ಬಳಿಕ ಬೆಟ್ಟಮ್ಮನ ಮನೆ.

"ಲೇ, ಅದೇ ಬಾಗ್ಲು ಕಣ್ಲಾ! ಅಜ್ಜೀ, ಕೈ ತೋರ್ಸಮ್ಮ, ಅಚ್ಚೆ ನೋಡ್ಬೇಕು!" ಎಂದ ಒಬ್ಬ ಗುಮಾಸ್ತ.

ಬೆಟ್ಟಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಓಗ್ಲಾ, ನಿಮ್ಮವ್ವನ್ನ ಕೇಳೋಗು, ನಿನ್ನ ಈಚೆಗೆ ಎಳ್ದೋಳ ಕೈ ಎಂಗಿತ್ತು ಅಂತ!"

ಎಲ್ಲರೂ ನಕ್ಕರು. ಮಳವಳ್ಳಿಯ ಆ ಹೊಸ ಮದುಮಗಳು ಮಾತ್ರ ಗಂಡನ ಬೆನ್ನ ಹಿಂದೆ ಅಡಗಿದಳು. ನನ್ನನ್ನು ಕಂಡು ಬೆಟ್ಟಮ್ಮನ ದನಿ ಇಳಿಯಿತು. "ಮಗಾ ಉಳೀಲಿ ಅಂತ ಕಟ್ಟೋಳು ನಾನು. ಸಾಯ್ಸಾಕೆ ಕಟ್ದಂಗೆ ತೋರ್ಸವ್ನಂತಲ್ಲ ಮೇಷ್ಟ್ರೇ? ಗೌರಿ ಅಬ್ಬದಿಂದೀಚೆಗೆ ಎರಿಗೆಗೆ ಒಬ್ರೂ ಕರ್ದಿಲ್ಲ ಕಣಪ್ಪ. ನೀವ್ ಯೋಳುದ್ರಿ ಅಂತ ಕಟ್ದೆ."

"ಅವನು ಬಂದು ಸರಿಪಡಿಸುತ್ತಾನೆ" ಎಂದೆ. ನಿನ್ನ ಪರವಾಗಿ ಎರಡನೆಯ ಸಲ ಮಾತು ಕೊಟ್ಟೆ.

ಬಾ, ಮಗು. ಅವಳ ಜಗಲಿಯ ಮೇಲೆ ನಿಂತು, "ಇದು ನಾನು ಕಟ್ಟಿದ ಸುಳ್ಳು" ಎಂದು ಊರೆದುರಿಗೆ ಹೇಳು. ನಾನು ಪಾಠ ಹೇಳಿದ ಹುಡುಗ ಅಷ್ಟು ಮಾಡಬಲ್ಲನೆಂದು ಈಗಲೂ ನಂಬುತ್ತೇನೆ. ನಿನ್ನ ಲೇಖನಿಗೆ ಬಲ ಬರಲಿ, ಅದರೊಡನೆ ಕರುಣೆಯೂ ಬರಲಿ.

ನಿನ್ನ ಶ್ರೇಯಸ್ಸನ್ನೇ ಬಯಸುವ,
ಚಿಕ್ಕಮಾದಯ್ಯ

ಮರೆತಂತೆ ನಟಿಸಿ ಬಿಟ್ಟದ್ದೊಂದಿದೆ: ಮಗಳು ಜಯಲಕ್ಷ್ಮಮ್ಮ ಹೆರಿಗೆಗೆ ಬಂದಿದ್ದಳು. ಮೊನ್ನೆ ಬೆಳಿಗ್ಗೆ ನೋವು ಕಾಣಿಸಿತು. ಬೆಟ್ಟಮ್ಮ ದಿನ ಎಣಿಸಿಕೊಂಡು ಆತಗೂರಿನಿಂದ ತಾನಾಗಿಯೇ ನಡೆದು ಬಂದಳು. ಜಯಲಕ್ಷ್ಮಮ್ಮ ಹುಟ್ಟಿದ್ದೂ ಅವಳ ಕೈಯಲ್ಲೇ. ಜೊತೆಗೆ ಬಂದಿದ್ದ ಮಗಳ ಅತ್ತೆ, ನಮ್ಮ ಬೀಗಿತ್ತಿ, ಬೇಡವೆಂದರು. ನಾನು ಬಾಗಿಲಿಗೆ ಅಡ್ಡ ನಿಂತು, "ನರ್ಸಮ್ಮ ಬಂದಾಗಿದೆ" ಎಂದೆ. ನರ್ಸು ಬಂದದ್ದು ಎರಡು ಗಂಟೆ ಕಳೆದ ಮೇಲೆ. ತಾಯಿ ಮಗು ಕ್ಷೇಮ. ಬೀಗಿತ್ತಿಯ ಮಾತಿಗೆ ನಾನು ಮಣಿದೆನೆಂದೇ ಮನೆಯವರು ತಿಳಿದಿದ್ದಾರೆ. ಅಲ್ಲ. ಬೆಟ್ಟಮ್ಮ ಒಳಗೆ ಬರಲು ಬಾಗಿಲ ಮೇಲೆ ಕೈಯಿಟ್ಟಳು, ಕೆಂಪಸಿದ್ದಯ್ಯ. ಆ ಕೈ ಕಂಡು ನನಗೇ ಭಯವಾಯಿತು.