ಬೋಟಿನ ಡಬ್ಬಿಯಲ್ಲಿ ಲಿಂಗ

ಜನವರಿ 4, ಶನಿವಾರ. ಬೆಳಗ್ಗೆ 9
ಪೂಜೆ ಮುಗಿಸಿ ಅಂಗಡಿ ತೆಗೆದೆ. ಸಂಕ್ರಾಂತಿ ಸೀರೆಗಳ ಬಂಡಲ್ ಇನ್ನೂ ಬಂದಿಲ್ಲ. ಮುರುಡೇಶ್ವರದ ಸ್ಕೂಬಾದವನಿಗೆ ಮೂರನೆಯ ಸಲ ಫೋನ್ ಮಾಡಿದೆ. ಐವತ್ತಾಯಿತು, ಬಿಪಿ ಇಲ್ಲ, ಈಜು ಬರುವುದಿಲ್ಲ — ಎಲ್ಲ ಹೇಳಿದೆ. ಕೊನೆಗೆ ಮುಖ್ಯ ಮಾತು.
"ಕೊರಳಾಗ ಲಿಂಗ ಐತ್ರಿ. ಜಳಕಕ್ಕೂ ತೆಗಿಯಂಗಿಲ್ಲ. ನಡಿತೈತಿಲ್ರಿ?"
"ಏನು ಬೇಕಾದ್ರೂ ಹಾಕ್ಕೊಂಡು ಬನ್ನಿ ಮೇಡಂ. ನೋ ಪ್ರಾಬ್ಲಂ."
ಗೊರೇಬಾಳದಲ್ಲಿ ನಮ್ಮ ತವರುಮನೆ ಕಾಲುವೆ ಪಕ್ಕವೇ. ತಮ್ಮ ಪಂಪಾಪತಿ ದಿನಾ ಜಿಗಿಯುತ್ತಿದ್ದ. ನಾನು ಅವನ ಅಂಗಿ ಹಿಡಿದು ದಂಡೆಯಲ್ಲಿ ನಿಲ್ಲಬೇಕಿತ್ತು. ಹುಡುಗಿ ಅಲ್ಲವೇ! ಈಗ ನನ್ನ ಸರದಿ.

ಜನವರಿ 16, ಗುರುವಾರ
ನಾಳೆ ಬಸ್ಸು. ಲಿಂಗಸುಗೂರಿನಿಂದ ಅಕ್ಕ ಶೇಖರಮ್ಮ ಬಂದಿದ್ದಾಳೆ. ನೀರಿಗಿಳಿಯುವುದಿಲ್ಲವಂತೆ, ಬೋಟಿನಲ್ಲಿ ಕೂತು ನೋಡುತ್ತಾಳಂತೆ. ನಮ್ಮ ಮನೆಯವರು ನಗುತ್ತಾರೆ. "ಮೀನಿಗೆ ಸೀರಿ ಮಾರಾಕ ಹೊಂಟ್ಯೇನು?"
ನಗಲಿ.

ಜನವರಿ 21, ಮಂಗಳವಾರ
ಸಿಂಧನೂರಿಗೆ ವಾಪಸ್ ಬಂದು ಎರಡು ದಿನ. ಸಿಟ್ಟಿಗೆ ಪೆನ್ನು ಹಿಡಿಯಲೇ ಆಗಲಿಲ್ಲ.
ದಡ ಬಿಟ್ಟು ಒಂದೂವರೆ ತಾಸು. ಸುತ್ತ ನೀರು. ರಬ್ಬರ್ ಡ್ರೆಸ್ ಹಾಕಿಕೊಂಡು ನಿಂತಾಗ ಓನರ್ ಶುರು ಮಾಡಿದ.
"ಲಾಕೆಟ್ ತೆಗೀರಿ."
"ಲಾಕೆಟ್ ಅಲ್ರಿ ಅದು, ಲಿಂಗ. ಫೋನಿನ್ಯಾಗ ಹೇಳೀನಲ್ಲ!"
"ಯಾರಿಗೆ ಹೇಳಿದ್ರೋ ಏನೋ. ಬೆಲ್ಟಿಗೆ ಸಿಕ್ಕಿಕೊಳ್ಳುತ್ತೆ. ರೂಲ್ಸ್ ಅಂದ್ರೆ ರೂಲ್ಸ್. ಇಲ್ಲಾಂದ್ರೆ ಇಲ್ಲೇ ಕೂತಿರಿ."
ಡ್ರೆಸ್ಸಿನ ಒಳಗೆ ಬಟ್ಟೆಯಲ್ಲಿ ಬಿಗಿದು ಕಟ್ಟುತ್ತೇನೆ ಎಂದೆ. ಕೇಳಲಿಲ್ಲ. ಹಿಂದೆ ಆರು ಜನ ಕಾಯುತ್ತಿದ್ದರು. ಒಬ್ಬ "ಆಂಟಿ, ಬೇಗ" ಎಂದ. ಅಕ್ಕ ವಾಂತಿ ಮಾಡುತ್ತಿದ್ದಳು. ಅವಳು ಸರಿಯಾಗಿದ್ದರೂ ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ. ನಾನೇ ತೆಗೆದೆ. ಅದನ್ನಿಡುವ ಬೆಳ್ಳಿ ಕರಡಿಗೆ ಸಮೇತ ಅವರ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೊಬೈಲುಗಳ ಪಕ್ಕ ಇಟ್ಟೆ.
ನೀರಿಗಿಳಿದು ಮೇಲೆ ಬಂದಾಗ ಲಿಂಗ ಕಾಣಲಿಲ್ಲ. ಬೋಟೆಲ್ಲ ಹುಡುಕಿದೆ. ಚಹಾ ಕೊಟ್ಟರು, ಮುಟ್ಟಲಿಲ್ಲ. ಲಿಂಗ ಕೊರಳಿಗೆ ಬರುವವರೆಗೆ ಹನಿ ನೀರೂ ಕುಡಿಯುವಂತಿಲ್ಲ. ಕೊನೆಗೆ ಸಿಕ್ಕಿತು — ಅದೇ ಡಬ್ಬಿಯ ತಳದಲ್ಲಿ, ಯಾರದೋ ಒದ್ದೆ ಚಪ್ಪಲಿಯ ಕೆಳಗೆ. ಚಪ್ಪಲಿಯ ಕೆಳಗೆ!
ಓನರ್ ಕೂಡ ನಮ್ಮ ಜೊತೆ ಇಳಿದಿದ್ದ. ಡ್ರೆಸ್ಸಿನ ಜಿಪ್ ಎಳೆದ. ಒಳಗೆ ಬೆರಳು ದಪ್ಪದ ಬಂಗಾರದ ಚೈನು. ಅದಕ್ಕೆ ರೂಲ್ಸ್ ಇಲ್ಲ! ಬಾಯಿಗೆ ಬಂದಂತೆ ಬೈದೆ. "ಸಾರಿ ಮೇಡಂ" ಎಂದು ನಕ್ಕ, ಭಾಡ್ಯಾ. ನನ್ನ ಅಂಗಡಿಯಲ್ಲಿ ಗಿರಾಕಿ ನೂರು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಎದ್ದು ಹೋದರೂ ನಾನು ಮುಖ ಗಂಟು ಹಾಕಿದವಳಲ್ಲ.

ಜನವರಿ 24, ಶುಕ್ರವಾರ
ರಿವ್ಯೂ ಹಾಕಿದೆ. ಒಂದು ಸ್ಟಾರ್. ಸೊನ್ನೆ ಕೊಡಲು ಬರುವುದಿಲ್ಲ.
ಮಧ್ಯಾಹ್ನ ಅವನ ಉತ್ತರ: "ಮೇಡಂ, ಯಾರೂ ಕಿತ್ತುಕೊಂಡಿಲ್ಲ, ನೀವೇ ತೆಗೆದಿಟ್ಟಿರಿ. ನೀರಿನೊಳಗೆ ತೆಗೆದ ನಿಮ್ಮ ವಿಡಿಯೋ ಕಳಿಸಿದ್ದೇವೆ, ದಯವಿಟ್ಟು ನೋಡಿ."
ಎಷ್ಟು ಸೊಕ್ಕು! ನೋಡುವುದಿಲ್ಲ.

ಜನವರಿ 26, ಭಾನುವಾರ
ಮಸ್ಕಿಗೆ ಹೋದೆ, ದೀಕ್ಷೆ ಕೊಟ್ಟ ಅಯ್ಯನವರ ಹತ್ತಿರ. ಅರ್ಧ ತಾಸು ಆ ಓನರನನ್ನೇ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.
"ಅದೆಲ್ಲ ಇರ್ಲಿ. ಲಿಂಗ ಇಳಿಸಿದ ಮ್ಯಾಲ ನಿನ್ನ ಮನಸ್ಸು ಎಲ್ಲಿತ್ತವ್ವಾ ಶಿವಗಂಗಾ?"
"ಲಿಂಗದ ಮ್ಯಾಲೇ ಇತ್ರಿ."
"ಹಂಗಾದ್ರ ದೋಷ ಇಲ್ಲ. ಪ್ರಸಾದ ಮಾಡ್ಕೊಂಡು ಹೋಗು."
ಅರ್ಧ ರೊಟ್ಟಿ ಮಾತ್ರ ಹಾಕಿಸಿಕೊಂಡೆ.

ಜನವರಿ 27, ಸೋಮವಾರ. ಬೆಳಗ್ಗೆ 6
ವಿಡಿಯೋ ನೋಡಿದೆ. ಹನ್ನೆರಡು ನಿಮಿಷ. ನೀರಿನೊಳಗೆ ನನ್ನ ಜೊತೆಗಿದ್ದ ಗೈಡ್ ಮೂರು ಸಲ ಹೆಬ್ಬೆರಳು ಎತ್ತುತ್ತಾನೆ — ಮೇಲೆ ಹೋಗೋಣ. ಮೊದಲೆರಡು ಸಲ ತಲೆ ಅಲ್ಲಾಡಿಸಿದ್ದೇನೆ, ಒಲ್ಲೆ ಎಂದು. ಮೂರನೆಯ ಸಲ ಅವನ ಕೈಯನ್ನೇ ತಳ್ಳಿದ್ದೇನೆ.
ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ. ದೃಷ್ಟಿ ನಿಲ್ಲಲಿಲ್ಲ.
ಆ ಓನರ್ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ. ಆದರೆ ಅಯ್ಯನವರಿಗೆ ಹೇಳಿದ್ದು ಸುಳ್ಳು. ಆ ಹನ್ನೆರಡು ನಿಮಿಷ ನನ್ನ ಕೊರಳು ಬರಿದಾಗಿದೆ ಎಂಬುದೇ ನನಗೆ ನೆನಪಿರಲಿಲ್ಲ.