ಬಾಯಿ ಮುಚ್ಚಿಸಿದ ಲೆಕ್ಕ

ಮಾರ್ಚ್ ೧೪, ಗುರುವಾರ

ಇವತ್ತೂ ಅದೇ ಹಣೆಬರಹ. ಹೊಸ ಗಾಳಿಯಂತ್ರದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತ ಹನ್ನೊಂದು ದಿನವಾಯಿತು. ಗಾಳಿ ಜೋರಾದೊಡನೆ ರೆಕ್ಕೆಯ ತುದಿ ನಡುಗತೊಡಗುತ್ತದೆ, ಆಮೇಲೆ ನಡುಕ ಏರುತ್ತಲೇ ಹೋಗುತ್ತದೆ. ತಪ್ಪು ಲೆಕ್ಕದ್ದೋ ರೆಕ್ಕೆಯದ್ದೋ ತಿಳಿಯದೆ ತಲೆ ಚಿಟ್ಟು ಹಿಡಿದಿದೆ.

ಮಧ್ಯಾಹ್ನ ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ನಡುಕ ತಗ್ಗಿಸೋ ಅಂಕಿ ಇದೆಯಲ್ಲ, ಅದನ್ನ ಸ್ವಲ್ಪ ಜಾಸ್ತಿ ಮಾಡಮ್ಮ" ಎಂದರು. ಮಾಡಿದೆ. ಪರದೆಯ ಮೇಲಿನ ಗೆರೆ ಹಾಲು ಕುಡಿದ ಮಗುವಿನಂತೆ ಮಲಗಿತು. "ನೋಡಿದ್ಯಾ? ಇಷ್ಟಕ್ಕೆ ಹನ್ನೊಂದು ದಿನ!" ಎಂದು ನಕ್ಕು ಹೋದರು. ಮೈಯೆಲ್ಲ ಉರಿಯಿತು. ಆ ಅಂಕಿ ಪರದೆಯ ಮೇಲಿನ ನಡುಕವನ್ನಷ್ಟೇ ಅಡಗಿಸುತ್ತದೆ, ನಿಜವಾದ ರೆಕ್ಕೆಯದ್ದನ್ನಲ್ಲ ಎಂದು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಸಂಜೆ ಯಂತ್ರ ನೋಡಿಕೊಳ್ಳುವ ತಂಡದ ಮೇಸ್ತ್ರಿ ಫೋನ್ ಮಾಡಿದ. "ಮೇಡಂ, ಲೆಕ್ಕ ಸರಿಹೋಯ್ತಂತೆ. ನಾಳೆ ಜೋರು ಗಾಳೀಲೂ ಯಂತ್ರ ಓಡಿಸ್ತೀವಿ, ನಾವು ನಾಲ್ಕು ಜನ ಕೆಳಗೇ ಇರ್ತೀವಿ. ಭಯ ಏನಿಲ್ಲ ತಾನೆ?"

"ಓಡಿಸ್ಬೇಡಿ."

"ಯಾಕೆ ಮೇಡಂ? ಮ್ಯಾನೇಜರು ಹೂಂ ಅಂದ್ರಲ್ಲ?"

"ಲೆಕ್ಕ ಸರಿಹೋಗಿಲ್ಲ. ನಾನೇ ಅದರ ಬಾಯಿ ಮುಚ್ಚಿಸಿದ್ದೀನಿ."

ಆತ "ಹೇಳಿದ್ದು ಒಳ್ಳೇದಾಯ್ತು" ಎಂದು ಫೋನಿಟ್ಟ.

ಹಳೆಯ ಅಂಕಿಯನ್ನೇ ಹಾಕಿ, ಲೆಕ್ಕವನ್ನು ಮೊದಲಿನಿಂದ ಶುರು ಮಾಡಿ ಮನೆಗೆ ಬಂದೆ. "ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ?" ಎಂದಳು ಅಕ್ಕ. ಮ್ಯಾನೇಜರ್ ಮೂರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಬೈಸಿಕೊಳ್ಳುವುದು ಹೇಗೂ ಇದ್ದೇ ಇದೆ. ನಿದ್ದೆ ಕೆಡಿಸುತ್ತಿರುವುದು ಅದಲ್ಲ. ಮೇಸ್ತ್ರಿ ತಾನಾಗಿ ಕೇಳದೇ ಹೋಗಿದ್ದರೆ, ನಾನಾಗಿಯೇ ಅವನಿಗೆ ಹೇಳುತ್ತಿದ್ದೆನೇ?