ಮುದ್ದೆಯ ಹೊಟ್ಟೆಯೊಳಗಿನ ಕೆಂಡ

ಏನೂಂದ್ರೆ,

ತಂಗಿ ಮಗಳ ಸೀಮಂತಕ್ಕೆ ಉತ್ತರಹಳ್ಳಿಗೆ ಹೊರಟಿದ್ದೀನಿ, ಬರೋದು ಸಂಜೆ ಆಗುತ್ತೆ. ಮಧ್ಯಾಹ್ನ ನೀವೇ ಬಿಸಿ ಮಾಡ್ಕೋಬೇಕು. ಮುದ್ದೆ, ಬಸ್ಸಾರು ಎರಡನ್ನೂ ಗಾಜಿನ ಬಟ್ಟಲಲ್ಲಿ ಇಟ್ಟಿದ್ದೀನಿ. ನಿಮ್ಮ ಸ್ಟೀಲ್ ತಟ್ಟೆ ಮಾತ್ರ ಮೈಕ್ರೋವೇವ್ ಒಳಗೆ ಇಡಬೇಡಿ, ಕಿಡಿ ಹಾರುತ್ತೆ ಅಂತ ಸೊಸೆ ನೂರು ಸಲ ಹೇಳಿದ್ದಾಳೆ. ಸಾರಿಗೆ ಮುಚ್ಚಳ ಬಿಗಿಯಾಗಿ ಹಾಕಬೇಡಿ. ಮುದ್ದೆ ಮೇಲೆ ಚೂರು ನೀರು ಚಿಮುಕಿಸಿ, ಒಂದೇ ನಿಮಿಷ ಸಾಕು.

ನಿನ್ನೆಯಿಂದ ನನಗೆ ಅದೇ ಯೋಚನೆ ರೀ. ಬೆಂಕಿ ಇಲ್ಲ, ಹೊಗೆ ಇಲ್ಲ, ಒಳಗೆ ಬರೀ ಒಂದು ದೀಪ. ನಾನೇ ಮುಟ್ಟಿ ನೋಡಿ ಬಡಿಸಿದ್ದೆ, ಮುದ್ದೆ ಮೇಲೆಲ್ಲ ಬೆಚ್ಚಗಿತ್ತು ಅಷ್ಟೇ. ಒಳಗೆ ನೋಡಿದ್ರೆ ಕೆಂಡ! ಒಲೆ ಆದ್ರೆ ಹೊರಗಿಂದ ಸುಡುತ್ತೆ. ಇದು ಯಾವ ದಾರೀಲಿ ನುಗ್ಗಿ ಒಳಗೆ ಕೂತ್ಕೊಳ್ತೋ ಆ ದೇವರೇ ಬಲ್ಲ.

ಅನ್ನ ತಿನ್ನೋರಿಗೆ ಅಗಿಯುವಾಗಲೇ ಗೊತ್ತಾಗುತ್ತೆ. ನಾವು ಮುದ್ದೆ ನುಂಗೋ ಜನ, ಗಂಟಲು ದಾಟಿದ ಮೇಲೇ ಗೊತ್ತಾಗೋದು. ಮೂವತ್ತೆರಡು ವರ್ಷದಲ್ಲಿ ನಿಮ್ಮ ಕಣ್ಣಲ್ಲಿ ನೀರು ನೋಡಿದ್ದು ನಿನ್ನೆ ಆ ತುತ್ತು ನುಂಗಿದಾಗಲೇ. ಮಾವನವರು ಹೋದಾಗಲೂ ಬಾರದ್ದನ್ನ ಈ ಪೆಟ್ಟಿಗೆ ತರಿಸಿಬಿಡ್ತಲ್ಲ!

ಅದಕ್ಕೇ, ಬೀಪ್ ಅಂದ ತಕ್ಷಣ ಊಟಕ್ಕೆ ಕೂರಬೇಡಿ. ಎರಡು ನಿಮಿಷ ಬಿಟ್ಟು ಬಟ್ಟೆ ಹಿಡಿದು ಬಟ್ಟಲು ತೆಗೀರಿ. ಮುದ್ದೆ ಮುರಿದು, ಒಳಗಿನ ಬಿಸಿ ಹುಷಾರಾಗಿ ನೋಡ್ಕೊಂಡು ಆಮೇಲೆ ನುಂಗಿ.

ಊಟ ಆದ್ಮೇಲೆ ಫೋನ್ ಮಾಡಿ "ಏನೂ ಆಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ನಿನ್ನೆ ಥರ ಬರೀ ಕೈಯಾಡಿಸಿದ್ರೆ ಫೋನಲ್ಲಿ ಕೇಳ್ಸಲ್ಲ.